ಆರು ವರ್ಷ ನಿಂತಿದ್ದ ಅಪ್ಪನ ಪಿಕಪ್, ಗದಗ ರಸ್ತೆಯ ಡೀಸೆಲ್ ಗ್ಯಾರೇಜು

ಹಿತ್ತಲಲ್ಲೋ ಹೊಲದ ಶೆಡ್ಡಿನಲ್ಲೋ ವರ್ಷಗಟ್ಟಲೆ ನಿಂತ ಡೀಸೆಲ್ ಗಾಡಿ ನಿಮ್ಮಲ್ಲಿದ್ದರೆ, ಹೊಸ ಬ್ಯಾಟರಿ ತಂದು ಚಾವಿ ತಿರುಗಿಸುವ ಮೊದಲು ಇದನ್ನು ಓದಿ. ನಾವು ಅದನ್ನೇ ಮಾಡಲು ಹೋಗಿದ್ದೆವು. ಸ್ವಲ್ಪದರಲ್ಲೇ ಉಳಿದುಕೊಂಡೆವು. ಉಳಿಸಿದ್ದು ಹುಬ್ಬಳ್ಳಿಯ ಗದಗ ರಸ್ತೆ ಕಡೆ ಇರುವ ಒಂದು ಹಳೆಯ ಡೀಸೆಲ್ ಗ್ಯಾರೇಜು. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದಲು ಬರುವುದಿಲ್ಲ. ಸುತ್ತಲಿನವರು ಮಿಸ್ತ್ರಿ ಕಾಕಾನ ಗ್ಯಾರೇಜು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನಮ್ಮದು ಕುಂದಗೋಳ ತಾಲೂಕಿನ ಒಂದು ಹಳ್ಳಿ. ಗಾಡಿ 2008ರ ಮಹೀಂದ್ರಾ ಪಿಕಪ್, ಡಿಐ ಇಂಜಿನ್, ನಾಲ್ಕು ಸಿಲಿಂಡರ್, 2523 ಸಿಸಿ. ಅಪ್ಪ ಹನ್ನೊಂದು ವರ್ಷ ಓಡಿಸಿದರು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ, ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ, ಜಾತ್ರೆ ಇದ್ದಾಗ ಓಣಿಯ ಅರ್ಧ ಮಂದಿ, ಎಲ್ಲಾ ಇದರಲ್ಲೇ. 2019ರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋಯಿತು. ಗಾಡಿ ಶೆಡ್ಡಿಗೆ ಹೋಯಿತು. ನಾನು ಆಗ ಊರಲ್ಲಿ ಇರಲಿಲ್ಲ. ಯಾರೂ ಬ್ಯಾಟರಿ ವೈರ್ ಬಿಚ್ಚಲಿಲ್ಲ, ಟ್ಯಾಂಕಿನ ಡೀಸೆಲ್ ತೆಗೆಯಲಿಲ್ಲ, ಒಂದು ತಾಡಪತ್ರಿ ಹೊದಿಸಿ ಬಿಟ್ಟರು ಅಷ್ಟೇ. ಅಪ್ಪ ಒಂದೇ ಮಾತು ಹೇಳುತ್ತಿದ್ದರು, ಮಾರಬ್ಯಾಡ್ರಿ ಅಂತ.

ಈ ಸಲ ದೀಪಾವಳಿ ಮುಗಿದ ಮೇಲೆ ಮನಸ್ಸು ಮಾಡಿದೆ. ಜನವರಿಯಿಂದ ಮೆಣಸಿನಕಾಯಿ ಬರೋಕೆ ಶುರುವಾಗುತ್ತದೆ, ಬಾಡಿಗೆ ಗಾಡಿಗೆ ಕೊಡುವ ದುಡ್ಡು ಜಾಸ್ತಿ ಆಗುತ್ತಿದೆ, ಮನೆಯಲ್ಲೇ ಗಾಡಿ ಇದೆಯಲ್ಲ ಅಂತ. ಪಕ್ಕದ ಊರಿನ ಒಬ್ಬ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ, ಬ್ಯಾಟರಿ ಹಾಕಿ ಸೆಲ್ಫ್ ಹೊಡೆದ. ಟಕ್ ಅಂದಿತು, ಮುಂದೆ ಏನಿಲ್ಲ. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ತಾನೇ ಚಾಲೂ ಆಗುತ್ತದೆ ಅಂದ. ಹಗ್ಗ ಕಟ್ಟಿದೆವು. ಸೆಕೆಂಡ್ ಗೇರ್ ಹಾಕಿ ಎಳೆದರೆ ಹಿಂದಿನ ಗಾಲಿ ತಿರುಗಲೇ ಇಲ್ಲ. ಎರೆ ಮಣ್ಣಿನಲ್ಲಿ ಎರಡು ಗೀರು ಎಳೆದುಕೊಂಡು ಗಾಡಿ ಹಾಗೇ ಜಾರಿಕೊಂಡು ಬಂತು. ಕಟ್ಟೆ ಮೇಲೆ ಕುಳಿತಿದ್ದ ಅಪ್ಪ ಬಲಗೈ ಎತ್ತಿ ಸಾಕು ಸಾಕು ಅಂತ ಕೂಗಿದರು. ಅಲ್ಲಿಗೆ ನಿಲ್ಲಿಸಿದೆವು. ಇಂಜಿನ್ ಜಾಮ್ ಆಗಿತ್ತು.

ಮಿಸ್ತ್ರಿ ಕಾಕಾನ ವಿಳಾಸ ಕೊಟ್ಟಿದ್ದು ಅಪ್ಪನೇ. ಹಿಂದೆ ಒಮ್ಮೆ ಅಲ್ಲಿ ಹೆಡ್ ಗ್ಯಾಸ್ಕೆಟ್ ಹಾಕಿಸಿದ್ದರಂತೆ. ಬೇರೆ ಗಾಡಿಗೆ ಕಟ್ಟಿ, ನ್ಯೂಟ್ರಲ್‌ನಲ್ಲಿ, ನಿಧಾನಕ್ಕೆ ಹುಬ್ಬಳ್ಳಿಗೆ ತಂದೆವು. ಬ್ರೇಕ್ ಇರಲಿಲ್ಲ, ಕೈಬ್ರೇಕಿನ ಮೇಲೆ ಬಂದೆವು. ಅದೂ ತಪ್ಪೇ. ನೀವು ಮಾಡಬೇಡಿ, ಹೊತ್ತುಕೊಂಡು ಹೋಗುವ ಟೋಯಿಂಗ್ ಗಾಡಿ ಕರೆಸಿ.

ಕಾಕಾ ಗಾಡಿ ಸುತ್ತ ಒಂದು ಸುತ್ತು ಹಾಕಿ ಹಿಂದಿನ ಟಯರ್ ನೋಡಿದರು. ಒಂದೇ ಕಡೆ ಸವೆದು ಚಪ್ಪಟೆಯಾಗಿತ್ತು.

"ತಮ್ಮಾ, ಹಗ್ಗ ಕಟ್ಟಿ ಎಳದೀರೇನು ಇದನ್ನ?"

"ಹೌದ್ರಿ ಕಾಕಾ."

"ತಿರುಗಲಿಲ್ಲ ಅಲಾ? ಛಲೋ ಆತು. ತಿರುಗಿದ್ರ ರಿಂಗ್ ಮುರೀತಿದ್ವು."

ಆಮೇಲೆ ಕೂರಿಸಿ ಬಿಡಿಸಿ ಹೇಳಿದರು. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಎಣ್ಣೆ ಪೂರ್ತಿ ಕೆಳಗೆ ಇಳಿದಿರುತ್ತದೆ, ಬೋರ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವ ಸಿಲಿಂಡರಿನ ಒಳಗೋಡೆ, ಒಣಗಿ ತುಕ್ಕು ಹಿಡಿದಿರುತ್ತದೆ, ಪಿಸ್ಟನ್ ರಿಂಗುಗಳು ಆ ತುಕ್ಕಿಗೆ ಅಂಟಿಕೊಂಡಿರುತ್ತವೆ. ಜೋರು ಮಾಡಿ ತಿರುಗಿಸಿದರೆ ರಿಂಗ್ ಮುರಿಯುತ್ತದೆ, ಮುರಿದ ಚೂರು ಬೋರ್ ಗೀರುತ್ತದೆ. ಯಾವುದಾದರೂ ಸಿಲಿಂಡರ್ ಒಳಗೆ ನೀರು ಸೇರಿದ್ದರೆ ಇನ್ನೂ ಕೆಟ್ಟದ್ದು. ಗಾಳಿ ಅದುಮಿದಂತೆ ನೀರನ್ನು ಅದುಮೋಕೆ ಆಗೋದಿಲ್ಲ, ಆ ಒತ್ತಡಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಷ್ಟು ಹೇಳಿ ಕಾಕಾ ಬ್ಯಾಟರಿ ವೈರ್ ಬಿಚ್ಚಿ ಪಕ್ಕಕ್ಕೆ ಇಟ್ಟರು. ಮುಂದಿನ ಹತ್ತು ದಿನ ಆ ಗಾಡಿಗೆ ಬ್ಯಾಟರಿ ಹಾಕಲೇ ಇಲ್ಲ. ನನಗೆ ಅವರ ಮೇಲೆ ಮೊದಲು ನಂಬಿಕೆ ಬಂದಿದ್ದು ಅದನ್ನು ನೋಡಿ.

ಮೊದಲ ದಿನ ಬಿಚ್ಚಿದ್ದು ಏರ್ ಕ್ಲೀನರ್. ಒಳಗೆ ಇಲಿ ಗೂಡು. ಗೋಣಿಚೀಲದ ನೂರಾರು ಎಳೆ, ಹರಿದ ಬಟ್ಟೆ, ನಡುವೆ ಒಂದು ಹಿಡಿ ಮೆಣಸಿನ ಬೀಜ. ಬೀಜ ಇನ್ನೂ ಹಳದಿಯಾಗೇ ಇದ್ದವು. ಅಪ್ಪ ಹೇರಿದ ಕೊನೆಯ ಲೋಡಿನವೇ ಇರಬೇಕು. ಸೆಲ್ಫ್ ತಿರುಗಿದ್ದರೆ ಆ ಕಸ ಇಂಜಿನ್ ಒಳಗೆ ಹೋಗುತ್ತಿತ್ತು.

ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್ ಬಿಚ್ಚಿದರು. ಆ ತೂತಿನಿಂದ ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಅರ್ಧರ್ಧ ಕೂಡಿಸಿ ಎರಡೆರಡು ಚಮಚ ಬಿಟ್ಟರು, ತೂತಿಗೆ ಬಟ್ಟೆ ತುರುಕಿದರು. ನಾಲ್ಕು ದಿನ ಹಾಗೇ ಬಿಡಬೇಕು ಅಂದರು. ನಡುನಡುವೆ ಮತ್ತೆ ಸ್ವಲ್ಪ ಬಿಡುತ್ತಿದ್ದರಂತೆ. ಐದನೇ ದಿನ ನಾನು ಹೋದಾಗ ಪಿಸ್ಟನ್ ಜೊತೆ ತಿರುಗುವ ಕ್ರ್ಯಾಂಕಿನ ತುದಿಯ ಪುಲ್ಲಿಯ ನಟ್ಟಿಗೆ ಉದ್ದನೆಯ ಹಿಡಿಯ ಪಾನಾ ಹಾಕಿ ಕಾಯುತ್ತಿದ್ದರು. ಪುಲ್ಲಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಪಾನಾದ ಮೇಲೆ ಕೈಯಿಟ್ಟು ಮೈಭಾರ ಬಿಟ್ಟರು. ಏನೂ ಆಗಲಿಲ್ಲ. ಹಿಂದಕ್ಕೆ ಒತ್ತಿದರು, ಮತ್ತೆ ಮುಂದಕ್ಕೆ. ಏಳೆಂಟು ಸಲ ಹೀಗೆ. ನಾನು ಪೈಪು ಹಾಕಿ ಇಬ್ಬರೂ ಜಗ್ಗೋಣ ಅಂದೆ.

"ಬ್ಯಾಡ ತಮ್ಮಾ. ಇವತ್ತು ತಿರುಗಲಿಲ್ಲಂದ್ರ ನಾಳೆ ತಿರುಗತೈತಿ. ಕಬ್ಬಿಣದ ಮ್ಯಾಲೆ ಸಿಟ್ಟು ಮಾಡಬಾರದು."

ಮಾರನೇ ದಿನ ತಿರುಗಿತು. ಸೀಮೆಸುಣ್ಣದ ಗೆರೆ ಒಂದು ಬೆರಳಷ್ಟು ಸರಿಯಿತು, ಒಳಗೆ ಒಣ ಕಟ್ಟಿಗೆ ಉಜ್ಜಿದ ಹಾಗೆ ಸಣ್ಣ ಸದ್ದು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಪ್ರತಿ ಸಲ ಸ್ವಲ್ಪ ಜಾಸ್ತಿ. ಪೂರ್ತಿ ಎರಡು ಸುತ್ತು ಬರೋಕೆ ಅರ್ಧ ಗಂಟೆ ಹಿಡಿಯಿತು. ಒಂದಲ್ಲ, ಎರಡು ಸುತ್ತು ನೋಡಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮಾತ್ರ ಎಲ್ಲಾ ವಾಲ್ವುಗಳೂ ಒಂದೊಂದು ಸಲ ತೆರೆದು ಮುಚ್ಚುತ್ತವೆ. ವಾಲ್ವುಗಳ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿಟ್ಟು ಗ್ಯಾರೇಜಿನ ಹುಡುಗನನ್ನು ಮೇಲೆ ನಿಲ್ಲಿಸಿ ಪ್ರತಿ ವಾಲ್ವ್ ಏಳುತ್ತದಾ, ಇಳಿಯುತ್ತದಾ ಅಂತ ಹೇಳಿಸಿದರು. ಒಂದು ವಾಲ್ವ್ ಇಳಿಯುವುದು ತಡ ಮಾಡುತ್ತಿತ್ತು. ಅದಕ್ಕೆ ಎಣ್ಣೆ ಬಿಟ್ಟು, ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿ ಸರಿ ಮಾಡಿದರು.

ಕಂಪ್ರೆಶನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಜೋರಾಗಿ ಅದುಮುತ್ತದೆ ಅಂತ, ನೋಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ಸಿಲಿಂಡರ್ 340ರಿಂದ 350 ಪಿಎಸ್‌ಐ, ನಾಲ್ಕನೆಯದು 310. ಇಲ್ಲಿ ಬೇರೆ ಯಾರೇ ಇದ್ದರೂ ಬೋರ್ ಮಾಡಿಸಬೇಕು, ಪಿಸ್ಟನ್ ಸೆಟ್ ಹಾಕಬೇಕು ಅಂತ ಹೇಳಿ ನಲವತ್ತು ಸಾವಿರ ಏರಿಸುತ್ತಿದ್ದರು ಅನಿಸುತ್ತದೆ. ನನಗೇನು ಗೊತ್ತಾಗುತ್ತಿತ್ತು? ಕಾಕಾ ಮಾತ್ರ ಬೇಡ ಅಂದರು. ನಿಂತ ಇಂಜಿನ್‌ನ ರಿಂಗು ಓಡುತ್ತಾ ಓಡುತ್ತಾ ಬಿಟ್ಟುಕೊಳ್ಳುತ್ತವೆ, ಸಾವಿರ ಕಿಲೋಮೀಟರ್ ಓಡಿಸಿ ಬಾ, ಆಗಲೂ ಹೊಗೆ ಬಂದರೆ ನೋಡೋಣ ಅಂದರು. ಅಷ್ಟು ಓಡಿಸಿ ಹೋದ ವಾರ ಮತ್ತೆ ನೋಡಿಸಿದೆ. ನಾಲ್ಕನೆಯದು ಈಗ 335.

ಡೀಸೆಲ್ ವಿಷಯ ಬೇರೆಯೇ ಕಥೆ. ಟ್ಯಾಂಕ್ ಇಳಿಸಿ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ತೋರಿಸಿದರು. ಕೆಳಗೆ ಎರಡು ಬೆರಳು ತುಕ್ಕು ಬಣ್ಣದ ನೀರು, ಮೇಲೆ ಕಂದು ಡೀಸೆಲ್, ಎರಡರ ನಡುವೆ ಕೊಳೆತ ಪಾಚಿಯಂತಹ ಕಪ್ಪು ಲೋಳೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ತೇವ ಕಟ್ಟಿ ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಕೂರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತವೆ, ಆ ಕಪ್ಪು ಲೋಳೆ ಅದೇ. ಡೀಸೆಲ್ ಅಂದರೆ ಕೆಡದ ವಸ್ತು ಅಂದುಕೊಂಡಿದ್ದೆ ನಾನು. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ, ಆಮೇಲೆ ಅದನ್ನು ನಂಬಬಾರದು. ಗಾಡಿ ನಿಲ್ಲಿಸಲೇಬೇಕು ಅಂದರೆ ಟ್ಯಾಂಕ್ ಪೂರ್ತಿ ತುಂಬಿಸಿ ನಿಲ್ಲಿಸಿ, ಇಲ್ಲಾ ಪೂರ್ತಿ ಖಾಲಿ ಮಾಡಿ. ಅರ್ಧ ಬಿಡಬೇಡಿ.

ನಾಝಲ್ಲಿಗೆ ಡೀಸೆಲ್ ಒತ್ತುವ ಪಂಪು ಬಿಚ್ಚಿ ಪಂಪ್ ಟೆಸ್ಟಿಂಗ್ ಮಾಡುವ ಬೇರೆ ಅಂಗಡಿಗೆ ಕಳಿಸಿದರು. ನಮ್ಮ ಕಡೆ ಈಗಲೂ ಎಲ್ಲರೂ ಮೈಕೋ ಪಂಪು ಅಂತಲೇ ಹೇಳುತ್ತಾರೆ, ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡರೂ. ನಮ್ಮದು ಇನ್‌ಲೈನ್ ಪಂಪು. ಒಳಗೆ ಡೀಸೆಲ್ ಒತ್ತುವ ನಾಲ್ಕು ಪ್ಲಂಜರ್, ಎಷ್ಟು ಡೀಸೆಲ್ ಬಿಡಬೇಕೋ ಅಷ್ಟಕ್ಕೆ ಅವನ್ನು ತಿರುಗಿಸಲು ಹಲ್ಲಿನ ಒಂದು ರ‍್ಯಾಕ್. ಹಳೇ ಡೀಸೆಲ್ ಒಣಗಿ ಅಂಟಾಗಿ ರ‍್ಯಾಕ್ ಕಚ್ಚಿಕೊಂಡಿತ್ತು. ಅದೂ ಜಾಸ್ತಿ ಡೀಸೆಲ್ ಬಿಡುವ ಕಡೆಗೆ! ಇದರ ಅರ್ಥ ಆಮೇಲೆ ತಿಳಿದಾಗ ನನಗೆ ಮೈ ನಡುಗಿತು. ರ‍್ಯಾಕ್ ಅಲ್ಲೇ ಸಿಕ್ಕಿಕೊಂಡಿದ್ದು ಇಂಜಿನ್ ಚಾಲೂ ಆಗಿದ್ದರೆ, ಆಕ್ಸಿಲರೇಟರ್ ತುಳಿಯದೆ ಅದು ತಾನಾಗಿಯೇ ಪೂರ್ತಿ ರೇಸ್ ಆಗುತ್ತದೆ, ಚಾವಿ ತೆಗೆದರೂ ನಿಲ್ಲೋದಿಲ್ಲ. ಒಡೆದು ಚೂರಾಗುವ ತನಕ ಓಡುತ್ತದೆ. ಟ್ರ್ಯಾಕ್ಟರ್ ಎಳೆಯುವಾಗ ನನ್ನ ತಮ್ಮ ಸ್ಟೇರಿಂಗ್ ಮುಂದೆ ಕುಳಿತಿದ್ದ.

ಉಳಿದದ್ದು ಬೇಗ ಹೇಳುತ್ತೇನೆ. ಕ್ಲಚ್ ಪ್ಲೇಟ್ ಫ್ಲೈವ್ಹೀಲಿಗೆ ತುಕ್ಕಿನಿಂದ ಅಂಟಿತ್ತು, ಸೆಟ್ ಹೊಸದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ವ್ಹೀಲ್ ಸಿಲಿಂಡರ್ ನಾಲ್ಕೂ ಒಳಗೆ ತುಕ್ಕು, ಅವೂ ಹೊಸವು. ಹೋಸ್ ಪೈಪು ಹಿಸುಕಿದರೆ ಒಣ ರೊಟ್ಟಿಯಂತೆ ಬಿರಿಯುತ್ತಿದ್ದವು. ಬ್ಲಾಕಿನ ಪಕ್ಕ ನೀರಿನ ಜಾಗಕ್ಕೆ ತಟ್ಟೆಯಂತಹ ತಗಡಿನ ಮುಚ್ಚಳಗಳು ಇರುತ್ತವೆ, ಅದರಲ್ಲಿ ಒಂದನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ತೂತೇ ಬಿತ್ತು. ಅಪ್ಪ ಕೂಲಂಟ್ ಹಾಕದೆ ಬಾವಿ ನೀರು ಹಾಕುತ್ತಿದ್ದುದರ ಫಲ ಅದು. ನಾಝಲ್ ನಾಲ್ಕಕ್ಕೂ ಹೊಸ ತುದಿ, ಅವುಗಳ ಕೆಳಗಿನ ತಾಮ್ರದ ವಾಷರ್ ಕೂಡ ಹೊಸವು. ವಾಷರ್ ಎಷ್ಟು ಸಣ್ಣ ರೊಕ್ಕದ್ದು, ಆದರೆ ಹಳೆಯದನ್ನೇ ಹಾಕಿದರೆ ಅಲ್ಲಿಂದ ಗಾಳಿ ಬಿಟ್ಟು ಮಾಡಿದ ಕೆಲಸವೆಲ್ಲ ಹಾಳು.

ಚಾಲೂ ಮಾಡುವ ದಿನ ಫೋನ್ ಮಾಡಿ ಕರೆಸಿಕೊಂಡರು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ ಆಗಿತ್ತು. ಮೊದಲು ಪಂಪಿನ ಸ್ಟಾಪ್ ಲಿವರ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಮಾಡಿ, ಸೆಲ್ಫ್ ಮಾತ್ರ ಹೊಡೆದರು. ಹತ್ತು ಸೆಕೆಂಡ್, ಬಿಡುವು, ಮತ್ತೆ ಹತ್ತು ಸೆಕೆಂಡ್. ಮೂರನೇ ಸಲಕ್ಕೆ ಮೀಟರಿನ ಎಣ್ಣೆ ಲೈಟ್ ಆರಿತು. ಬೇರಿಂಗಿಗೆಲ್ಲ ಎಣ್ಣೆ ಮುಟ್ಟಿತು ಅಂತ ಅರ್ಥ. ಆಮೇಲೆ ಡೀಸೆಲ್ ಪೈಪಿನೊಳಗಿನ ಏರ್ ತೆಗೆಯುವ ಕೆಲಸ. ಫೀಡ್ ಪಂಪಿನ ಗುಂಡಿಯನ್ನು ಕೈಯಿಂದ ಒತ್ತುತ್ತಾ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿದರು. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆ ಇಲ್ಲದ ಶುದ್ಧ ಡೀಸೆಲ್. ಸ್ಕ್ರೂ ಬಿಗಿ. ನಾಝಲ್ ಪೈಪಿನ ನಟ್ಟುಗಳನ್ನೂ ಹಾಗೇ ಒಂದೊಂದಾಗಿ ಮಾಡಿದರು.

ಕೊನೆಗೆ ಹುಡುಗನ ಕೈಗೆ ಒಂದು ಪ್ಲೈವುಡ್ ತುಂಡು ಕೊಟ್ಟು ಗಾಳಿ ಹೋಗುವ ಬಾಯಿಯ ಹತ್ತಿರ ನಿಲ್ಲಿಸಿದರು. ಇಂಜಿನ್ ರೇಸ್ ಆಗಿ ನಿಲ್ಲದಿದ್ದರೆ ಆ ಬಾಯಿ ಮುಚ್ಚಿಬಿಡಬೇಕು, ಗಾಳಿ ಇಲ್ಲದೆ ಸಾಯುತ್ತದೆ. ಅಂಗೈ ಇಡಬೇಡ ಅಂತ ಅವನಿಗೆ ಮೂರು ಸಲ ಹೇಳಿದರು. ಪಂಪು ಸರಿ ಮಾಡಿಸಿ ತಂದ ಮೇಲೂ, ತಮ್ಮ ಕೈಯಿಂದಲೇ ಕೂರಿಸಿದ ಮೇಲೂ ಇಷ್ಟು ಎಚ್ಚರ. ನಾನು ಈ ಗ್ಯಾರೇಜಿಗೆ ಪೂರ್ತಿ ಅಂಕ ಕೊಡೋದು ಆ ಪ್ಲೈವುಡ್ ತುಂಡಿಗೆ.

ಸೆಲ್ಫ್ ಹೊಡೆದರು. ಒಂದು ಸಿಲಿಂಡರ್ ಹಿಡಿಯಿತು, ಆಮೇಲೆ ಎರಡು, ಗಾಡಿ ಪೂರ್ತಿ ಅಲುಗಾಡಿತು. ಬಿಳಿ ಹೊಗೆ ಗ್ಯಾರೇಜು ತುಂಬಿತು. ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆ ಸುಡುತ್ತಿತ್ತು. ಅರ್ಧ ನಿಮಿಷಕ್ಕೆ ನಾಲ್ಕೂ ಸೇರಿ ಆ ಹಳೆಯ ಟಕಟಕ ಸದ್ದು ಬಂತು. ನಾನು ಮನೆಗೆ ಫೋನ್ ಹಚ್ಚಿ ಬಾನೆಟ್ ಹತ್ತಿರ ಹಿಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೇಳಿ, "ಎಣ್ಣಿ ಲೈಟ್ ಆರೇತೇನು?" ಅಂದರು. ಆರೇತ್ರಿ ಅಪ್ಪಾ ಅಂದೆ.

ಈಗ ದುಡ್ಡು. ಒಟ್ಟು 53,400 ಆಯಿತು. ಅದರಲ್ಲಿ ಪಂಪು ಮತ್ತು ನಾಝಲ್ಲೇ 14,200, ಕಾಕಾನ ಕೂಲಿ 11,000. ಇಷ್ಟು ದಿನದ ಕೆಲಸಕ್ಕೆ ಇದು ಜಾಸ್ತಿ ಅಲ್ಲ. ತೆಗೆದ ಹಳೇ ಸಾಮಾನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಟ್ಟರು, ಅಂಗಡಿ ಬಿಲ್ಲುಗಳನ್ನು ಹಾಗೇ ಕೈಗಿಟ್ಟರು, ಸಾಮಾನಿನ ಮೇಲೆ ಒಂದು ರೂಪಾಯಿ ಸೇರಿಸಿರಲಿಲ್ಲ. ಟಯರ್ ಖರ್ಚು ಬೇರೆ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 3216 ಅಂತ ಇತ್ತು, ಅಂದರೆ 2016ರ 32ನೇ ವಾರ ತಯಾರಾಗಿದ್ದು. ಟಯರ್ ಮೇಲಿನ ಗೀರುಗಳ ಆಳ ಚೆನ್ನಾಗೇ ಇತ್ತು, ಆದರೆ ಬದಿ ಪೂರ್ತಿ ಬಿರಿದಿತ್ತು. ಐದೂ ಬದಲಿಸಿದೆ.

ಬೇಸರ ಆಗಿದ್ದನ್ನೂ ಹೇಳಬೇಕು. ಹತ್ತು ದಿನ ಅಂದಿದ್ದು ಇಪ್ಪತ್ತನಾಲ್ಕು ದಿನ ಆಯಿತು. ಕಾಕಾ ಫೋನ್ ಎತ್ತುವುದಿಲ್ಲ. ನಾನು ನಾಲ್ಕು ಸಲ ಸುಮ್ನೆ ಬಸ್ಸಿಗೆ ಹೋಗಿ ಬಂದೆ, ಎರಡು ಸಲ ಕೆಲಸ ಒಂದಿಂಚೂ ಮುಂದೆ ಹೋಗಿರಲಿಲ್ಲ, ಪಂಪು ಇನ್ನೂ ಬಂದಿಲ್ಲ ಅಂತ. ಶುರುವಿನಲ್ಲೇ ಖರ್ಚಿನ ಅಂದಾಜು ಬರೆದು ಕೊಡಿ ಅಂದರೆ ಕೊಡಲಿಲ್ಲ, ಬಿಚ್ಚಿದ ಮೇಲೆ ಗೊತ್ತಾಗುತ್ತದೆ ಅಂದರು. ಅದು ನಿಜವೇ ಇರಬಹುದು, ಆದರೂ ಮೂವತ್ತೋ ಎಂಬತ್ತೋ ಅಂತಾದರೂ ಹೇಳಿದರೆ ನಮ್ಮಂಥ ರೈತರಿಗೆ ದುಡ್ಡು ಹೊಂದಿಸಿಕೊಳ್ಳೋಕೆ ಅನುಕೂಲ ಅಲ್ವಾ? ವೈರಿಂಗ್ ಕೆಲಸ ಅವರು ಮಾಡುವುದಿಲ್ಲ. ಇಲಿ ಕಡಿದ ವೈರ್, ಹಾರ್ನ್, ಇಂಡಿಕೇಟರ್ ಎಲ್ಲಾ ಬೇರೆ ಕಡೆ ಮಾಡಿಸಬೇಕಾಯಿತು.

ಇನ್ನೊಂದು. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಿಂದ ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್. ನಿಂತ ಗಾಡಿಯ ರಬ್ಬರ್ ಒಣಗಿ ಗಟ್ಟಿಯಾಗುವುದು ಕಾಕಾಗೆ ಗೊತ್ತಿಲ್ಲದ ವಿಷಯವಲ್ಲ. ಕ್ಲಚ್ ಹಾಕಲು ಗೇರ್ ಬಾಕ್ಸ್ ಇಳಿಸಿದಾಗಲೇ ಅದನ್ನೂ ಬದಲಿಸಬೇಕಿತ್ತು. ಹೋಗಿ ಹೇಳಿದೆ. ನನ್ನದೇ ತಪ್ಪು ತಮ್ಮಾ ಅಂದರು, ಗೇರ್ ಬಾಕ್ಸ್ ಮತ್ತೆ ಇಳಿಸಿದರು, ಸೀಲಿನ ದುಡ್ಡು ಮಾತ್ರ ತೆಗೆದುಕೊಂಡರು. ನಿಮ್ಮ ಗಾಡಿ ಕೊಡುವಾಗ ಇದನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಿ.

ಕಾಗದಪತ್ರದ ಕೆಲಸಕ್ಕೆ ಬೇರೆ ಸಮಯ ಇಟ್ಟುಕೊಳ್ಳಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು, ಆಗಬೇಕು, ನಮ್ಮದು ಎಷ್ಟೋ ವರ್ಷದಿಂದ ಆಗಿರಲಿಲ್ಲ, ವಿಮೆಯೂ ಮುಗಿದಿತ್ತು. ಎರಡೂ ಆಗುವ ತನಕ ಒಂದು ಚೀಲವನ್ನೂ ಹೇರಲಿಲ್ಲ.

ಜನವರಿ ಕೊನೆಗೆ ಮೊದಲ ಲೋಡ್ ಬ್ಯಾಡಗಿಗೆ ಹೋಯಿತು. ಅಪ್ಪನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ದಾರಿಯುದ್ದಕ್ಕೂ ಅವರು ನೋಡಿದ್ದು ರಸ್ತೆಯನ್ನಲ್ಲ, ಟೆಂಪರೇಚರ್ ಮುಳ್ಳನ್ನು. ಅರ್ಧಕ್ಕಿಂತ ಮೇಲೆ ಏರಲಿಲ್ಲ. ಲೀಟರಿಗೆ ಹನ್ನೆರಡರ ಹತ್ತಿರ ಮೈಲೇಜು ಬಂತು. ಏರಿನಲ್ಲಿ ಸ್ವಲ್ಪ ಕಪ್ಪು ಹೊಗೆ ಇದೆ, ಕಾಕಾಗೆ ಹೇಳಿದ್ದೇನೆ. ಮುಂದಿನ ಸಲ ಎಣ್ಣೆ ಬದಲಿಸಲು ಹೋದಾಗ ನಾಝಲ್ ಇನ್ನೊಮ್ಮೆ ನೋಡುತ್ತಾರಂತೆ. ನೀವು ಹೋಗುವುದಾದರೆ ಬೆಳಿಗ್ಗೆ ಹತ್ತರ ಒಳಗೆ ಹೋಗಿ. ಆಮೇಲೆ ಹೋದರೆ ಕಾಕಾ ಯಾವುದೋ ಇಂಜಿನ್ ಕೆಳಗೆ ಮಲಗಿರುತ್ತಾರೆ, ಮಾತಿಗೆ ಸಿಗುವುದಿಲ್ಲ.